ಕಟಕಟೆಯಲ್ಲಿ ಕಪಿ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ ಶುರುವಾಗುತ್ತದೆ. ಹೊರಗೆ ಮಳೆ ಹೊಯ್ಯುತ್ತಿರುತ್ತದೆ. ಒಳಗೆ ದೇವಸ್ಥಾನದ ಸಭಾಭವನದಲ್ಲೋ ಶಾಲೆಯ ಹಾಲಿನಲ್ಲೋ ಶಾಲು ಹೊದ್ದ ನಾಲ್ಕಾರು ಮಂದಿ ಎದುರುಬದುರು ಕೂತು, ಬಣ್ಣವಿಲ್ಲದೆ, ಕಿರೀಟವಿಲ್ಲದೆ, ಬರೇ ಮಾತಿನಲ್ಲಿ ಕಿಷ್ಕಿಂಧೆ ಕಟ್ಟುತ್ತಾರೆ. ಆ ದಿನದ ಪ್ರಸಂಗ ವಾಲಿಮೋಕ್ಷ ಎಂದಾದರೆ ಉಡುಪಿ, ಕಾರ್ಕಳದ ಹಳೇ ಪ್ರೇಕ್ಷಕರು ಸ್ವಲ್ಪ ಮುಂಚೆಯೇ ಬಂದು ಮುಂದಿನ ಸಾಲು ಹಿಡಿಯುತ್ತಾರೆ. ಯುದ್ಧ ಅವರಿಗೆ ಬೇಡ. ರಾಮನ ಬಾಣ ತಾಗಿ ಬಿದ್ದ ಮೇಲೆ ವಾಲಿ ಏನು ಕೇಳುತ್ತಾನೆ ಎಂಬುದು ಬೇಕು.

ವಾಲಿ ಕೇಳುವುದು ಇಷ್ಟು. ನನ್ನನ್ನು ಮೃಗವೆಂದು ಹೊಡೆದೆಯೋ, ಅಪರಾಧಿಯೆಂದು ಹೊಡೆದೆಯೋ? ಮೃಗವಾದರೆ ತಮ್ಮನ ಹೆಂಡತಿ, ಅಣ್ಣನ ಧರ್ಮ ಎಂಬ ಮನುಷ್ಯರ ಲೆಕ್ಕ ನನಗೆ ಯಾಕೆ? ಅಪರಾಧಿಯಾದರೆ ಎದುರು ನಿಲ್ಲಿಸಿ ವಿಚಾರಿಸದೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ? ನನ್ನ ಮಾಂಸ ನೀನು ತಿನ್ನುವುದಿಲ್ಲ, ತೊಗಲು ಹೊದೆಯುವುದಿಲ್ಲ, ಕಾಡಿನ ಹಣ್ಣುಹಂಪಲು ತಿಂದು ಬದುಕುವ ನನಗೂ ಅಯೋಧ್ಯೆಗೂ ಗಡಿತಂಟೆ ಇಲ್ಲ.

ಚಮತ್ಕಾರ ಏನೆಂದರೆ ವಾಲ್ಮೀಕಿಯ ರಾಮ ಎರಡೂ ಉತ್ತರ ಕೊಡುತ್ತಾನೆ. ಈ ಭೂಮಿ ಇಕ್ಷ್ವಾಕುಗಳದ್ದು, ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಮರಣವೇ ದಂಡ ಎನ್ನುತ್ತಾನೆ. ಆ ಉಸಿರಿನಲ್ಲೇ, ನೀನು ಹೇಗೂ ಶಾಖಾಮೃಗ, ಬೇಟೆಗಾರ ಬಲೆ ಬೀಸಿಯೋ ಅಡಗಿ ನಿಂತೋ ಹೊಡೆಯುವುದು ವಾಡಿಕೆ ಎಂದೂ ಹೇಳುತ್ತಾನೆ. ಒಂದೇ ಜೀವಿ ಶಿಕ್ಷೆಯ ಮಟ್ಟಿಗೆ ಮನುಷ್ಯ, ಶಿಕ್ಷಿಸುವ ರೀತಿಯ ಮಟ್ಟಿಗೆ ಮಂಗ. ಈ ಬಿರುಕಿನೊಳಗೆ ಕೈ ಹಾಕಿ ಗಂಟೆಗಟ್ಟಲೆ ಎಳೆಯುವುದು ವಾಲಿಯ ಅರ್ಥ ಹೇಳುವವನ ಕೆಲಸ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದರ ಬಗ್ಗೆ ಮಾತಾಡುತ್ತಾರೆ. ರಾಮನ ಪಾತ್ರ ಇನ್ನೂ ಕಷ್ಟದ್ದು ಎನ್ನುವವರೂ ಇದ್ದಾರೆ, ಅದೂ ಸರಿಯೇ. ದೇವರಾಗಿದ್ದುಕೊಂಡು ಪಾಟೀಸವಾಲು ಎದುರಿಸುವುದು ಸುಲಭವಲ್ಲ.

ಇದನ್ನೆಲ್ಲ ಪೀಠಿಕೆಯಾಗಿ ಹೇಳುವುದಕ್ಕೆ ಕಾರಣವಿದೆ. ವಾನರರನ್ನು ತೆರೆಗೆ ತಂದ ವೈಜ್ಞಾನಿಕ ಕಲ್ಪನೆಯ ಚಿತ್ರಗಳನ್ನು ವಿಕಾಸವಾದದ ಕಥೆಗಳು ಎಂದು ನೋಡುವುದು ರೂಢಿ. ಮಂಗ ಮೇಲೆ ಬಂತು, ಮನುಷ್ಯ ಕೆಳಗಿಳಿದ ಎಂಬಂತೆ. ತಾಳಮದ್ದಳೆಯ ಕಿವಿ ಇಟ್ಟುಕೊಂಡು ನೋಡಿದರೆ ಅವು ಬೇರೆಯೇ ಆಗಿ ಕಾಣುತ್ತವೆ. ಅವೆಲ್ಲ ನ್ಯಾಯಾಲಯದ ಕಥೆಗಳು. ಕಪಿ ಕಟಕಟೆಯಲ್ಲಿ ನಿಂತಿರುತ್ತದೆ, ಅಥವಾ ಕಪಿಯ ಕಟಕಟೆಯಲ್ಲಿ ಮನುಷ್ಯ.

‘ಪ್ಲಾನೆಟ್ ಆಫ್ ದಿ ಏಪ್ಸ್’ 1968ರ ಚಿತ್ರ. ನಿರ್ದೇಶಕ ಫ್ರ್ಯಾಂಕ್ಲಿನ್ ಶಾಫ್ನರ್, ನಾಯಕ ಚಾರ್ಲ್ಟನ್ ಹೆಸ್ಟನ್. ಮೂಲ ಕಾದಂಬರಿ ಫ್ರಾನ್ಸಿನ ಪಿಯರ್ ಬೂಲ್ 1963ರಲ್ಲಿ ಬರೆದದ್ದು. ಮಲಯದ ರಬ್ಬರ್ ತೋಟದಲ್ಲಿ ಕೆಲಸ ಮಾಡಿದ್ದ, ಎರಡನೇ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದ ಈ ಮನುಷ್ಯ ಕ್ವಾಯ್ ನದಿಯ ಸೇತುವೆಯ ಕಾದಂಬರಿಯನ್ನೂ ಬರೆದಿದ್ದ. ಅದು 1957ರಲ್ಲಿ ಚಿತ್ರವಾಯಿತು, ಚಿತ್ರಕಥೆಗೆ ಆಸ್ಕರ್ ಬಂತು, ಪ್ರಶಸ್ತಿ ಬೂಲ್ ಹೆಸರಿಗೇ ಹೋಯಿತು. ಅವನು ಬರೆಯುತ್ತಿದ್ದುದು ಫ್ರೆಂಚಿನಲ್ಲಿ. ಆ ಇಂಗ್ಲಿಷ್ ಚಿತ್ರಕಥೆ ಅವನದ್ದಾಗಿರಲಿಲ್ಲ. ನಿಜವಾಗಿ ಬರೆದವರು ಕಾರ್ಲ್ ಫೋರ್ಮನ್ ಮತ್ತು ಮೈಕೆಲ್ ವಿಲ್ಸನ್. ಇಬ್ಬರೂ ಕಮ್ಯುನಿಸ್ಟರೆಂಬ ಗುಮಾನಿಯ ಮೇಲೆ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿದವರು. 1951ರಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಹಾಜರಾಗಿ ಬಗ್ಗದೆ ಬಂದಿದ್ದ ವಿಲ್ಸನ್‌ಗೆ ಆಮೇಲೆ ಸ್ವಂತ ಹೆಸರಿನಲ್ಲಿ ಕೆಲಸವಿರಲಿಲ್ಲ. ಆ ಆಸ್ಕರಿನ ಮೇಲೆ ಅವನ ಹೆಸರು ಬಂದದ್ದು 1984ರಲ್ಲಿ. ಅವನು ತೀರಿಕೊಂಡು ಆರು ವರ್ಷವಾಗಿತ್ತು.

ಬೂಲ್‌ನ ವಾನರ ಕಾದಂಬರಿಯನ್ನು ರಾಡ್ ಸರ್ಲಿಂಗ್ ಚಿತ್ರಕಥೆಯಾಗಿಸಿದ ಮೇಲೆ ಅದನ್ನು ತಿದ್ದಿ ಬರೆಯಲು ಬಂದವನು ಇದೇ ವಿಲ್ಸನ್. ಚಿತ್ರದ ನಡುಭಾಗದಲ್ಲಿ ಒಂದು ವಿಚಾರಣೆ ಇದೆ. ವಾನರರು ಆಳುವ ಗ್ರಹಕ್ಕೆ ಬಂದಿಳಿದ, ಮಾತಾಡಬಲ್ಲ ಮನುಷ್ಯ ಟೇಲರ್‌ನನ್ನು ವಾನರರ ನ್ಯಾಯಮಂಡಳಿಯ ಮುಂದೆ ತಂದು ನಿಲ್ಲಿಸುತ್ತಾರೆ. ಸರ್ಕಾರಿ ವಕೀಲನ ಮೊದಲ ವಾದವೇ ಇದು: ಆರೋಪಿ ವಾನರನಲ್ಲ, ಆದ್ದರಿಂದ ವಾನರ ಕಾನೂನಿನಲ್ಲಿ ಅವನಿಗೆ ಹಕ್ಕೇ ಇಲ್ಲ. ಹಕ್ಕಿಲ್ಲದವನನ್ನು ಆರೋಪಿ ಎಂದು ಕರೆಯುವುದು ಹೇಗೆ ಎಂದು ಕೇಳಿದರೆ ನೆಟ್ಟಗೆ ಉತ್ತರ ಸಿಗುವುದಿಲ್ಲ. ಮಾತು ಬಿಸಿಯಾಗುತ್ತಿದ್ದಂತೆ ಮೂವರು ಒರಾಂಗುಟಾನ್ ನ್ಯಾಯಾಧೀಶರಲ್ಲಿ ಒಬ್ಬ ಕಣ್ಣು, ಒಬ್ಬ ಕಿವಿ, ಒಬ್ಬ ಬಾಯಿ ಮುಚ್ಚಿಕೊಳ್ಳುತ್ತಾನೆ. ಗಾಂಧೀಜಿಯ ಮೂರು ಮಂಗಗಳನ್ನು ಶಾಲೆಯ ಗೋಡೆಯ ಮೇಲೆ ನೋಡಿ ಬೆಳೆದ ನಮಗೆ ಆ ಭಂಗಿಯ ಕುಹಕ ಎರಡು ಪಟ್ಟು ತಟ್ಟುತ್ತದೆ. ಬಾಯಿ ಬಿಡಲು ಅವಕಾಶವಿಲ್ಲದ ಈ ವಿಚಾರಣೆಯಲ್ಲಿ ವಿಲ್ಸನ್ ತನ್ನ ಹಳೇ ಲೆಕ್ಕ ಚುಕ್ತಾ ಮಾಡಿದ್ದಾನೆ ಎಂದರೆ ತಪ್ಪಾಗದು. ವಾಲಿಗಾದರೂ ಸಾಯುವ ಮುನ್ನ ಪೂರ್ತಿ ಮಾತಾಡಲು ಬಿಟ್ಟರು.

ಚಿತ್ರದ ಕೊನೆ ಎಲ್ಲರಿಗೂ ಗೊತ್ತು. ಕುದುರೆಯ ಮೇಲೆ ಕಡಲತಡಿಯಲ್ಲಿ ಸಾಗುವ ಟೇಲರ್‌ಗೆ ಮರಳಿನಲ್ಲಿ ಹೂತುಹೋದ ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣುತ್ತದೆ, ಇದು ಬೇರೆ ಗ್ರಹವಲ್ಲ, ಭೂಮಿಯೇ ಎಂದು ತಿಳಿಯುತ್ತದೆ. ನ್ಯೂಯಾರ್ಕ್ ನೋಡದವರು ಆ ದೃಶ್ಯದ ಹೊಡೆತ ತಿಳಿಯಬೇಕಾದರೆ ಕಾಪು ಕಡಲಿಗೆ ಹೋಗಿ, 1901ರಿಂದ ಬಂಡೆಯ ಮೇಲೆ ನಿಂತಿರುವ ಲೈಟ್‌ಹೌಸನ್ನು ಕುತ್ತಿಗೆಯವರೆಗೆ ಮರಳಲ್ಲಿ ಹೂತಂತೆ ಊಹಿಸಿಕೊಳ್ಳಬೇಕು. ಬೂಲ್‌ನ ಕಾದಂಬರಿಯಲ್ಲಿ ಈ ಮುಕ್ತಾಯವಿಲ್ಲ. ಅಲ್ಲಿ ನಾಯಕ ಪ್ಯಾರಿಸ್ಸಿಗೆ ಮರಳಿ ವಿಮಾನ ನಿಲ್ದಾಣದಲ್ಲಿ ಇಳಿದರೆ, ಎದುರುಗೊಳ್ಳಲು ಬಂದ ಅಧಿಕಾರಿ ಗೊರಿಲ್ಲಾ. ನನಗೆ ಇದೂ ಕಡಿಮೆಯದೆನಿಸುವುದಿಲ್ಲ, ಆದರೆ ಪ್ರತಿಮೆಯ ಮುಂದೆ ನಿಲ್ಲುವುದು ಕಷ್ಟ.

ಡಾರ್ವಿನ್ನನ ‘ಜೀವಜಾತಿಗಳ ಉಗಮ’ 1859ರಲ್ಲಿ ಬಂದಾಗ ಇಂಗ್ಲೆಂಡಿನ ಪಾದ್ರಿಗಳಿಗೆ ಆದ ಆಘಾತ ಆಮೇಲಿನ ನೂರು ವರ್ಷದ ಪಾಶ್ಚಾತ್ಯ ಕಪಿ ಕಥೆಗಳನ್ನೆಲ್ಲ ನಡೆಸಿತು. ಮಂಗನ ಸಂಬಂಧಿಕರಾಗುವುದು ಅಲ್ಲಿ ಅವಮಾನ. ಉಡುಪಿಯಲ್ಲಿ ಆ ಅವಮಾನಕ್ಕೆ ಜಾಗವೇ ಇರಲಿಲ್ಲ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರನ್ನು ಮಾಧ್ವರು ವಾಯುವಿನ ಮೂರನೇ ಅವತಾರವೆಂದು ನಂಬುತ್ತಾರೆ. ಎರಡನೆಯವನು ಭೀಮ, ಮೊದಲನೆಯವನು ಹನುಮ. ತರ್ಕದ ತುತ್ತತುದಿಯಲ್ಲಿ ಕೂತ ಆಚಾರ್ಯರ ಮೊದಲ ರೂಪ ಒಬ್ಬ ಕಪಿ ಎಂಬುದರಲ್ಲಿ ಯಾರಿಗೂ ಸಂಕೋಚವಿಲ್ಲ. ಹಾಗೆಂದು ದಶಾವತಾರವೇ ವಿಕಾಸವಾದ, ಡಾರ್ವಿನ್ ಹೇಳಿದ್ದು ನಮಗೆ ಮೊದಲೇ ಗೊತ್ತಿತ್ತು ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಇದನ್ನು ಬಳಸಬೇಡಿ. ಅವತಾರದ ಲೆಕ್ಕ ಬೇರೆ, ಜೀವಕೋಶದ ಲೆಕ್ಕ ಬೇರೆ. ಮಂಗನನ್ನು ಕೀಳೆನ್ನದ ಮನಸ್ಸು ಇತ್ತು ಎಂಬಷ್ಟೇ ಇದರಿಂದ ಸಿಗುವ ಲಾಭ.

ಕಾರ್ಕಳದ ದಾರಿ ಇನ್ನೊಂದು. ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ಈ ಜೈನರ ನೆಲದಲ್ಲಿ ಬಾಳಿದ ರಾಮಾಯಣದಲ್ಲಿ ವಾಲಿ, ಸುಗ್ರೀವ, ಹನುಮಂತ ಯಾರೂ ಮಂಗಗಳಲ್ಲ. ಹನ್ನೆರಡನೇ ಶತಮಾನದ ಹೊತ್ತಿಗೆ ನಾಗಚಂದ್ರ ಕನ್ನಡದಲ್ಲಿ ಬರೆದ ‘ರಾಮಚಂದ್ರಚರಿತಪುರಾಣ’ ಹಿಡಿದ ಜೈನ ಪರಂಪರೆಯ ಪ್ರಕಾರ ಅವರು ವಿದ್ಯಾಧರರು, ಧ್ವಜದಲ್ಲಿ ಕಪಿಯ ಚಿಹ್ನೆ ಇರುವ ವಂಶದವರು. ವಾಲಿ ಇಲ್ಲಿ ರಾಮನ ಬಾಣಕ್ಕೆ ಸಾಯುವುದೂ ಇಲ್ಲ. ರಾಜ್ಯವನ್ನು ತಮ್ಮನಿಗೆ ಬಿಟ್ಟು ದೀಕ್ಷೆ ತೊಡುತ್ತಾನೆ. ಆರೋಪಿ ಮಂಗನೋ ಮನುಷ್ಯನೋ ಎಂಬ ತಕರಾರನ್ನು ಜೈನ ಕವಿಗಳು ಬುಡದಲ್ಲೇ ಕತ್ತರಿಸಿದರು. ಬುದ್ಧಿವಂತಿಕೆಯ ಉಪಾಯ, ಒಪ್ಪುತ್ತೇನೆ. ಆದರೆ ಮೊಕದ್ದಮೆಯೇ ಇಲ್ಲದ ಮೇಲೆ ತಾಳಮದ್ದಳೆ ಮಾಡುವವರು ಏನು ಮಾಡಬೇಕು?

ಸಿನಿಮಾದವರಿಗೆ ಇದಕ್ಕಿಂತ ದೊಡ್ಡ ತಲೆನೋವು ಮಂಗನನ್ನು ಮಾಡುವುದು ಹೇಗೆ ಎಂಬುದು. 1933ರ ‘ಕಿಂಗ್ ಕಾಂಗ್’ನಲ್ಲಿ ಗಗನಚುಂಬಿ ಕಟ್ಟಡ ಹತ್ತುವ ದೈತ್ಯ ನಿಜವಾಗಿ ಸುಮಾರು ಒಂದೂವರೆ ಅಡಿಯ ಗೊಂಬೆ, ಮೈಗೆ ಮೊಲದ ತುಪ್ಪಳ. ವಿಲ್ಲಿಸ್ ಓಬ್ರಿಯನ್ ಅದನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಚೌಕಟ್ಟು ಚಿತ್ರೀಕರಿಸಿದ. ಗೊಂಬೆಯ ತುಪ್ಪಳದ ಮೇಲೆ ಅವನ ಬೆರಳು ತಾಗಿ ತಾಗಿ ಕಾಂಗನ ರೋಮ ಸದಾ ನಿಮಿರುತ್ತಿರುವಂತೆ ಕಾಣುತ್ತದೆ. ‘ಪ್ಲಾನೆಟ್’ಗೆ ವಾನರ ಮುಖಗಳನ್ನು ತಯಾರಿಸಿದ ಜಾನ್ ಚೇಂಬರ್ಸ್ ಅದಕ್ಕೂ ಮುಂಚೆ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕೃತಕ ಮೂಗು, ಕಿವಿ ಮಾಡಿಕೊಡುತ್ತಿದ್ದವನು. ಮುಖ್ಯ ಪಾತ್ರಧಾರಿಗಳು ಮೂರು ಗಂಟೆಗೂ ಹೆಚ್ಚು ಹೊತ್ತು ಕುರ್ಚಿ ಬಿಡುವಂತಿರಲಿಲ್ಲ. ರಬ್ಬರಿನ ಮುಖ ಸತ್ತಂತೆ ಕಾಣಬಾರದೆಂದು ಚಿಂಪಾಂಜಿಯಾಗಿ ನಟಿಸಿದ ರಾಡಿ ಮ್ಯಾಕ್‌ಡೊವಾಲ್ ಇಡೀ ಹೊತ್ತು ಮೂಗು, ತುಟಿ ಆಡಿಸುತ್ತಲೇ ಇದ್ದ. ಊಟದ ಬಿಡುವಿನಲ್ಲಿ ಒಂದು ವಿಚಿತ್ರ ನಡೆಯಿತಂತೆ. ಯಾರೂ ಹೇಳದೆಯೇ ಗೊರಿಲ್ಲಾ ವೇಷದವರು ಗೊರಿಲ್ಲಾಗಳ ಜೊತೆ, ಚಿಂಪಾಂಜಿಗಳು ಚಿಂಪಾಂಜಿಗಳ ಜೊತೆ, ಒರಾಂಗುಟಾನ್‌ಗಳು ಬೇರೆ ಮೇಜಿನಲ್ಲಿ ಕೂತು ಉಣ್ಣತೊಡಗಿದರು. ಚಿತ್ರದ ಸಮಾಜದಲ್ಲೂ ಹಾಗೇ. ಒರಾಂಗುಟಾನ್ ಶಾಸ್ತ್ರ ಮತ್ತು ಆಡಳಿತ, ಗೊರಿಲ್ಲಾ ಸೈನ್ಯ, ಚಿಂಪಾಂಜಿ ವಿದ್ಯೆ. ಪಂಕ್ತಿಭೇದದ ಬಗ್ಗೆ ಉಡುಪಿಯಲ್ಲಿ ಕೂತು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ವೇಷ ಒಳಗಿಳಿಯುವ ಈ ಅನುಭವ ವಿಟ್ಲಪಿಂಡಿಯ ಹುಲಿವೇಷ ಕಟ್ಟಿದವರಿಗೆ ಹೊಸದಲ್ಲ. ಬಣ್ಣ ಅಳಿಸದಂತೆ ಕೋಲು ಹಿಡಿದು ಗಂಟೆಗಟ್ಟಲೆ ನಿಂತ ಮೇಲೆ, ತಾಸೆಯ ಪೆಟ್ಟು ಬಿದ್ದಾಗ ನಡಿಗೆಯೇ ಬದಲಾಗುತ್ತದೆ. ಘಟ್ಟದ ಮೇಲೆ ಇದರ ಇನ್ನೊಂದು ಅವತಾರ 2019ರಲ್ಲಿ ಸುದ್ದಿಯಾಯಿತು. ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು ಸಾಕುನಾಯಿಗೆ ಹುಲಿಪಟ್ಟೆ ಬಳಿದು ಬಿಟ್ಟರು. ಮಂಗಗಳು ಹೆದರಿ ಓಡಿದವಂತೆ. ಚೇಂಬರ್ಸ್‌ಗೆ ಗೌರವ ಆಸ್ಕರ್ ಕೊಟ್ಟವರು ಈ ನಾಯಿಯನ್ನು ನೋಡಬೇಕಿತ್ತು.

ಅದೇ 1968ರಲ್ಲಿ ಬಂದ ‘2001: ಎ ಸ್ಪೇಸ್ ಒಡಿಸ್ಸಿ’ಯ ಕಪಿಮಾನವರಿಗೆ ಆಸ್ಕರಿನವರು ಮೇಕಪ್ಪಿನ ಗೌರವ ಕೊಡಲಿಲ್ಲ. ಅವನ್ನು ನಿಜವಾದ ಮಂಗಗಳೆಂದೇ ತಿಳಿದಿರಬೇಕು ಎಂಬುದು ಅದರ ಕಥೆ ಬರೆದವರಲ್ಲೊಬ್ಬನಾದ ಆರ್ಥರ್ ಕ್ಲಾರ್ಕ್ ಹೆಸರಿನಲ್ಲಿ ಓಡಾಡುವ ಚಟಾಕಿ. ಎಲುಬನ್ನು ಎತ್ತಿ ಆಯುಧವಾಗಿಸುವ ಕಪಿಯನ್ನು ಆಡಿದವನು ಮೂಕಾಭಿನಯದ ಕಲಾವಿದ ಡ್ಯಾನ್ ರಿಕ್ಟರ್. ಎಸೆದ ಎಲುಬು ಆಕಾಶದಲ್ಲಿ ತಿರುಗುತ್ತ ಉಪಗ್ರಹವಾಗುವ ಆ ಒಂದು ಕತ್ತರಿ ಇಡೀ ಮಾನವ ಚರಿತ್ರೆಯನ್ನು ಹಾರಿಹೋಗುತ್ತದೆ. ನಿರ್ದೇಶಕ ಕುಬ್ರಿಕ್‌ನ ಆರೋಪಪಟ್ಟಿ ಒಂದೇ ಸಾಲಿನದು: ಮನುಷ್ಯ ಹುಟ್ಟಿದ್ದು ಕೊಲೆಯಿಂದ. ನಾನು ಇದನ್ನು ಪೂರ್ತಿ ಒಪ್ಪಲಾರೆ. ಚಿತ್ರ ಬರುವ ಎಂಟು ವರ್ಷ ಮೊದಲೇ, 1960ರಲ್ಲಿ, ಆಫ್ರಿಕಾದ ಗೊಂಬೆ ಎಂಬ ಕಾಡಿನಲ್ಲಿ ಜೇನ್ ಗುಡಾಲ್ ನೋಡಿದ ಚಿಂಪಾಂಜಿ ಹುಲ್ಲುಕಡ್ಡಿಯನ್ನು ಗೂಡಿಗೆ ತೂರಿಸಿ ಗೆದ್ದಲು ಹಿಡಿದು ತಿನ್ನುತ್ತಿತ್ತು. ಆ ಉಪಕರಣದ ಹಿಂದೆ ಇದ್ದದ್ದು ಹಸಿವು.

‘ಪ್ಲಾನೆಟ್’ ಸರಣಿ ಹಣದಾಸೆಗೆ ಬೆಳೆಯಿತು. 1970ರಿಂದ 1973ರೊಳಗೆ ಇನ್ನೂ ನಾಲ್ಕು ಬಂದವು, ಅವುಗಳಲ್ಲಿ 1972ರ ‘ಕಾಂಕ್ವೆಸ್ಟ್’ ಮಾತ್ರ ನೆನಪಿಡಬೇಕಾದದ್ದು. ಗುಲಾಮರಾಗಿ ದುಡಿಯುವ ವಾನರರು ದಂಗೆಯೇಳುವ ಅದರ ದೃಶ್ಯಗಳ ಹಿಂದೆ 1965ರಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಕರಿಯರು ಎದ್ದ ನೆನಪಿದೆ. ಟಿಮ್ ಬರ್ಟನ್ 2001ರಲ್ಲಿ ಮಾಡಿದ್ದನ್ನು ಬಿಟ್ಟುಬಿಡೋಣ.

2011ರ ‘ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ನಿಂದ ವಿಷಯ ನಮ್ಮ ಜಿಲ್ಲೆಗೆ ಹತ್ತಿರ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿಯೊಬ್ಬ ಮರೆವಿನ ರೋಗಕ್ಕೆ ಮದ್ದು ಹುಡುಕುತ್ತ ವೈರಸ್ಸೊಂದನ್ನು ಚಿಂಪಾಂಜಿಗಳ ಮೇಲೆ ಪ್ರಯೋಗಿಸುತ್ತಾನೆ. ಅವಕ್ಕೆ ಅದು ಬುದ್ಧಿ ಕೊಡುತ್ತದೆ, ಮನುಷ್ಯರನ್ನು ಕೊಲ್ಲುತ್ತದೆ. ಸೀಸರ್ ಎಂಬ ಚಿಂಪಾಂಜಿಯಾಗಿ ಆಂಡಿ ಸರ್ಕಿಸ್ ನಟಿಸಿದ್ದು ಮುಖದ ತುಂಬ ಚುಕ್ಕಿ ಅಂಟಿಸಿ, ಹಣೆಯಿಂದ ಮುಂಚಾಚಿದ ಕ್ಯಾಮೆರಾ ಕಟ್ಟಿಕೊಂಡು. ತುಪ್ಪಳ ಬಂದದ್ದು ಆಮೇಲೆ, ಕಂಪ್ಯೂಟರಿನಲ್ಲಿ. ಹೊಡೆಯಲು ಬಂದ ಕಾವಲುಗಾರನ ಕೈ ಹಿಡಿದು ಸೀಸರ್ ಆಡುವ ಮೊದಲ ಮಾತು ‘ಇಲ್ಲ’. ಥಿಯೇಟರು ಗಪ್‌ಚಿಪ್ಪಾಗುವ ಜಾಗ ಅದು.

ಅದರ ಮುಂದಿನ ಭಾಗವಾದ 2014ರ ‘ಡಾನ್’ನಲ್ಲಿ, ಹತ್ತು ವರ್ಷದ ನಂತರ, ಅಳಿದುಳಿದ ಮನುಷ್ಯರು ಆ ರೋಗವನ್ನು ಕಪಿಗಳ ಜ್ವರ ಎಂದೇ ಕರೆಯುತ್ತಾರೆ. ಪ್ರಯೋಗಾಲಯದಲ್ಲಿ ಅದನ್ನು ಸೃಷ್ಟಿಸಿದ್ದು ನಾವೇ ಅಲ್ಲವೇ ಎಂದು ದಾದಿಯೊಬ್ಬಳು ನೆನಪಿಸುತ್ತಾಳೆ. ಯಾರ ಕಿವಿಗೂ ಅದು ಬೀಳುವುದಿಲ್ಲ.

ಈಗ ಘಟ್ಟ ಹತ್ತಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸುವಗಳು ಸಾಲುಸಾಲಾಗಿ ಸತ್ತು ಬಿದ್ದವು. ಸುತ್ತಲಿನ ಹಳ್ಳಿಯ ಜನಕ್ಕೆ ವಿಪರೀತ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧಕರು ಹೊಸ ವೈರಸ್ಸನ್ನು ಪತ್ತೆ ಮಾಡಿ ಅದಕ್ಕೆ ಕಾಡಿನ ಹೆಸರಿಟ್ಟರು, ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ. ನಮ್ಮ ಜನ ಮಂಗನ ಕಾಯಿಲೆ ಎಂದರು, ಅದೇ ನಿಂತಿತು. ರೋಗವನ್ನು ಮನುಷ್ಯನಿಗೆ ದಾಟಿಸುವುದು ಕಾಡಿನ ಉಣುಗು. ಎಳ್ಳಿಗಿಂತ ಸಣ್ಣ ಮರಿ ಉಣುಗು ದರಗು ಗುಡಿಸುವವರ, ಸೌದೆ ತರುವವರ ಕಾಲಿಗೆ ಹತ್ತಿದರೆ ಗೊತ್ತೇ ಆಗುವುದಿಲ್ಲ. ಮಂಗನಿಗೂ ಅದೇ ಉಣುಗು ಕಚ್ಚುತ್ತದೆ, ಮಂಗನೇ ಮೊದಲು ಸಾಯುತ್ತದೆ. ಸತ್ತ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಉದುರಿ ಹೊಸ ಮೈ ಕಾಯುತ್ತ ಸುತ್ತ ಹರಡುತ್ತವೆ, ಹೀಗಾಗಿ ಮಂಗ ಸತ್ತ ಜಾಗವೇ ಅಪಾಯದ ಜಾಗ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದಿಲ್ಲ. ರೋಗ ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ.

ಆರೋಪಿ ಯಾರು? ಕಾಡು ಕಡಿದು ಗದ್ದೆ, ತೋಟ ಮಾಡಿದಂತೆ, ಕಾಡಂಚಿಗೆ ದನ ಮೇಯಲು ಬಿಟ್ಟಂತೆ ಉಣುಗಿಗೆ ರಕ್ತ ಧಾರಾಳವಾಗಿ ಸಿಕ್ಕಿತು, ಅದರ ಸಂತಾನ ಹೆಚ್ಚಿತು, ಕಾಡಿನೊಳಗೆ ಇಲಿ, ಹೆಗ್ಗಣಗಳ ನಡುವೆ ಸುತ್ತುತ್ತಿದ್ದ ವೈರಸ್ಸು ಮನೆಯಂಗಳಕ್ಕೆ ಬಂತು ಎಂಬುದು ಇದನ್ನು ಅಧ್ಯಯನ ಮಾಡಿದವರು ಬಹಳ ಹಿಂದೆಯೇ ಮುಂದಿಟ್ಟ ವಿವರಣೆ. ‘ಡಾನ್’ನ ದಾದಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ರೋಗ ಕೆರಳಿದಾಗ ಕಾಯಿಲೆಯವರನ್ನು ಘಟ್ಟ ಇಳಿಸಿ ತಂದದ್ದು ಮಣಿಪಾಲದ ಆಸ್ಪತ್ರೆಗೆ. ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ ಆಗ ರಕ್ತದ ಮಾದರಿಗಳ ಪರೀಕ್ಷೆಯಲ್ಲಿತ್ತು. 2019ರ ಆರಂಭದಲ್ಲಿ ಉಡುಪಿ ಜಿಲ್ಲೆಯಲ್ಲೇ ಸತ್ತು ಬಿದ್ದ ಕೆಲವು ಮಂಗಗಳಲ್ಲೂ ವೈರಸ್ ಸಿಕ್ಕಿತು. ಆ ಬೇಸಿಗೆಯಲ್ಲಿ ತೋಟದ ಮೂಲೆಯಲ್ಲಿ ಮಂಗ ಸತ್ತಿದೆ ಎಂದರೆ ಊರಿಡೀ ಫೋನು ಓಡುತ್ತಿತ್ತು. ಆರೋಗ್ಯ ಇಲಾಖೆಯವರು ಬಂದು ಔಷಧ ಪುಡಿ ಸುರಿಯುತ್ತಿದ್ದರು, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಿದ್ದರು. ಮಾತು ಕೇಳಬೇಕಿತ್ತು. ‘ಒಂದು ಸೀಯಾಳ ಬಿಡ್ಲಿಲ್ಲ ಮಾರಾಯ್ರೆ, ಈಗ ಜ್ವರ ಬೇರೆ.’ ಬಾಳೆ, ಕೊಕ್ಕೊ, ಎಳನೀರು ಕಳಕೊಂಡವರ ಸಿಟ್ಟು ಸುಳ್ಳಲ್ಲ. ಆದರೆ ಆ ಮಂಗ ಅಲ್ಲಿ ಬಿದ್ದದ್ದರಿಂದಲೇ ಊರಿಗೆ ಎಚ್ಚರ ಬಂದದ್ದು ಎಂಬುದೂ ನಿಜ. ಅದು ಸಾಕ್ಷಿ, ಅದನ್ನೇ ಆರೋಪಿ ಮಾಡಿದೆವು. 2022ರಲ್ಲಿ ಮಂಕಿಪಾಕ್ಸ್ ಹರಡಿದಾಗ ಬ್ರೆಜಿಲ್‌ನಲ್ಲಿ ಜನ ಮಂಗಗಳಿಗೆ ವಿಷವಿಟ್ಟರು. ಆ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗದ ಹೆಸರನ್ನೇ ಬದಲಿಸಿತು.

ಒಂದು ತಾಂತ್ರಿಕ ಆಕ್ಷೇಪವನ್ನು ಓದುಗರು ಎತ್ತಬಹುದು. ಚಿತ್ರಗಳಲ್ಲಿರುವುದು ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್. ಬಾಲವಿಲ್ಲದ ದೊಡ್ಡ ವಾನರರು. ನಮ್ಮ ಘಟ್ಟದಲ್ಲಿರುವುದು ಬಾಲವಿರುವ ಮಂಗ, ಮುಸುವ, ಸೋಮೇಶ್ವರದ ಕಾಡಿನ ಸಿಂಗಳೀಕ. ಸರಿಯೇ. ಇಡೀ ಭಾರತದ ಕಾಡಿನಲ್ಲಿ ಇರುವ ವಾನರ ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಗೊರಿಲ್ಲಾ ನೋಡಬೇಕಾದರೆ ನಾವು ಮೈಸೂರಿನ ಮೃಗಾಲಯಕ್ಕೆ ಹೋಗಬೇಕು. ಡಬ್ಲಿನ್ನಿನಿಂದ 1995ರಲ್ಲಿ ಬಂದ ಪೋಲೊ ಅಲ್ಲಿ ಬಹುಕಾಲ ಒಂಟಿಯಾಗಿ ಬದುಕಿ 2014ರಲ್ಲಿ ತೀರಿಕೊಂಡಿತು, 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಬಂದವು. ಆದರೆ ಕಟಕಟೆ ಬಾಲ ನೋಡುವುದಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಚಿಪ್ಸ್ ಎಸೆದು, ಫೋಟೊ ತೆಗೆದು, ಮರುಕ್ಷಣ ಅದೇ ಮಂಗ ಕಿಟಕಿಗೆ ಕೈ ಹಾಕಿದಾಗ ಕಳ್ಳ ಎಂದು ಬೈಯುವವರು ಮಾಡುವುದು ವಾಲಿಗೆ ಮಾಡಿದ್ದನ್ನೇ. ಎಸೆಯುವಾಗ ಪ್ರಾಣಿ, ಕಸಿಯುವಾಗ ಅಪರಾಧಿ.

ಕನ್ನಡದಲ್ಲಿ ಈ ವಸ್ತುವಿನ ಚಿತ್ರವೊಂದು ಬರಬೇಕು ಎಂಬುದು ನನ್ನ ಬಹುದಿನದ ಆಸೆ. ವಿಜ್ಞಾನವನ್ನು ಕಥೆಯಂತೆ ಬರೆಯುವ ಹಾದಿಯನ್ನು ಪೂರ್ಣಚಂದ್ರ ತೇಜಸ್ವಿ ‘ಮಿಸ್ಸಿಂಗ್ ಲಿಂಕ್’ನಲ್ಲಿ ತೋರಿಸಿಕೊಟ್ಟಿದ್ದಾರೆ. ‘ವಿಜ್ಞಾನ ಪ್ರಪಂಚ’ ಬರೆದ ಕೋಟದ ಶಿವರಾಮ ಕಾರಂತರು 1930ರ ಸುಮಾರಿಗೆ ಮೂಕಿ ಚಿತ್ರಕ್ಕೂ ಕೈ ಹಾಕಿದವರು, ಅಂದರೆ ಈ ಎರಡು ಹುಚ್ಚು ಒಂದೇ ತಲೆಯಲ್ಲಿ ಇರುವುದು ಈ ಜಿಲ್ಲೆಗೆ ಹೊಸದಲ್ಲ. ವಸ್ತು ಮಂಗನ ಕಾಯಿಲೆ, ಕಾಲ 1957, ಕಥೆ ಹೇಳುವುದು ಮಂಗನ ಕಡೆಯಿಂದ. ಹಾಲಿವುಡ್ಡಿನ ಕಂಪ್ಯೂಟರಿಗೆ ದುಡ್ಡು ಹೊಂದಿಸುವುದು ಕಷ್ಟವಾದರೆ ಮಂಗನನ್ನು ತೋರಿಸದೆಯೂ ತೆಗೆಯಬಹುದು, ತಾಳಮದ್ದಳೆಯವರು ತೋರಿಸುತ್ತಾರೆಯೇ? ಕಷ್ಟವಾಗುವುದು ಸಂಭಾಷಣೆ. ಅದನ್ನು ಬೆಂಗಳೂರಿನಲ್ಲಿ ಬರೆಸುವ ಬದಲು, ವಾಲಿಗೆ ಅರ್ಥ ಹೇಳಿ ಪಳಗಿದ ಯಾರಾದರೂ ಒಬ್ಬರಿಗೆ ಒಪ್ಪಿಸುವುದು ಒಳ್ಳೆಯದು. ಸಂಭಾವನೆಯನ್ನು ಮಾತ್ರ ಸಿನಿಮಾದ ಲೆಕ್ಕದಲ್ಲೇ ಕೊಡಬೇಕು.